ಒಂದೇ ಕೆಲಸ, ಒಂದೇ ಸಂಬಳ. ತಮ್ಮನನ್ನು ಬೆಂಗಳೂರಿಗೆ ಕಳಿಸುವುದಾ, ಬೇಡವಾ?

ಸುಂಟಿಕೊಪ್ಪದ ಅಕ್ಕ:

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಡಗಿನ ಸುಂಟಿಕೊಪ್ಪದ ಹತ್ತಿರ. ಅಪ್ಪ ಒಂದು ಕಾಫಿ ತೋಟದಲ್ಲಿ 26 ವರ್ಷದಿಂದ ರೈಟರ್, ಅಂದರೆ ಆಳುಗಳ ಕೆಲಸ, ಕೂಲಿಯ ಲೆಕ್ಕ ನೋಡಿಕೊಳ್ಳುವವರು. ಇರುವ ಮನೆ ತೋಟದವರದು, ಅಪ್ಪನ ಕೆಲಸ ಇರುವ ತನಕ ಮಾತ್ರ ಅದರಲ್ಲಿ ನಾವು. ತಮ್ಮ ಈ ವರ್ಷ ಬಿಕಾಂ ಮುಗಿಸಿದ. ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಒಂದು ಕಂಪನಿಯಲ್ಲಿ ಅಕೌಂಟ್ಸ್ ಕೆಲಸ ಸಿಕ್ಕಿದೆ, ಕೈಗೆ 19,000. ಮನೆಯಲ್ಲಿ ಎಲ್ಲರಿಗೂ ಖುಷಿ. ನನಗೆ ಮಾತ್ರ ಮೂರು ದಿನದಿಂದ ನಿದ್ದೆ ಸರಿಯಾಗಿ ಬರುತ್ತಿಲ್ಲ.

ಅವನ ಕ್ಲಾಸಿನ ಇನ್ನೊಬ್ಬ ಹುಡುಗನಿಗೂ ಅದೇ ಕಂಪನಿಯಲ್ಲಿ ಅದೇ ಕೆಲಸ, ಅದೇ ಸಂಬಳ. ಅವರದು ಸ್ವಂತ ತೋಟ. ಒಳ್ಳೆ ಹುಡುಗ, ನಮ್ಮ ಮನೆಗೂ ಬಂದು ಊಟ ಮಾಡಿ ಹೋಗುತ್ತಾನೆ, ಅವನ ಮೇಲೆ ನನಗೇನೂ ಇಲ್ಲ. ಆದರೆ ಅವನ ಅಪ್ಪ ಬಾಡಿಗೆ ಮನೆಗೆ ಅಡ್ವಾನ್ಸ್ ಕೊಡುತ್ತಾರಂತೆ. ಸಂಬಳದಲ್ಲಿ ಒಂದು ರೂಪಾಯಿಯೂ ಮನೆಗೆ ಬೇಡ, ಸಂಜೆ ಸಿಎ ಕ್ಲಾಸಿಗೆ ಸೇರಿಕೋ ಅಂದಿದ್ದಾರಂತೆ.

ನಮ್ಮ ಲೆಕ್ಕವನ್ನು ಅಪ್ಪ ಆಳುಗಳ ಹಾಜರಿ ಬರೆಯುತ್ತಿದ್ದ ಹಳೇ ಚೆಕ್‌ರೋಲ್ ಪುಸ್ತಕದ ಕೊನೇ ಹಾಳೆಯಲ್ಲಿ ಬರೆದು ನೋಡಿದೆ. ಮೂವರು ಇರುವ ಪಿಜಿ ರೂಮಿಗೆ 8,500. ಓಡಾಟಕ್ಕೆ 2,000. ಮಧ್ಯಾಹ್ನದ ಊಟ, ಫೋನು, ಸೋಪು ಅಂತ 3,000. ಅವನ ಫೀಸಿಗೆ ಅಮ್ಮ ಸಂಘದಲ್ಲಿ ಎತ್ತಿದ ಸಾಲಕ್ಕೆ ವಾರದ ಕಂತು, ತಿಂಗಳಿಗೆ 4,400 ಆಗುತ್ತದೆ. ಉಳಿಯುವುದು 1,100. ಒಂದು ಸಲ ಊರಿಗೆ ಬಂದು ಹೋದರೆ ಅದೂ ಮುಗಿಯಿತು.

ಇಲ್ಲೇ ಕುಶಾಲನಗರದಲ್ಲಿ ಕಾಫಿಯ ಸಿಪ್ಪೆ ತೆಗೆದು ಬೀಜ ಹಸನು ಮಾಡುವ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬಿಲ್ಲಿಂಗ್ ಕೆಲಸ ಇದೆ, 13,000. ಮನೆಯಿಂದಲೇ ಬಸ್ಸಿನಲ್ಲಿ ಹೋಗಿ ಬರಬಹುದು. ಕೈಯಲ್ಲಿ ಜಾಸ್ತಿ ಉಳಿಯುವುದು ಇದರಲ್ಲೇ.

ಹಿಂದೆ ಮುಂದೆ ಯಾರೂ ಇಲ್ಲದವನು ಬೆಂಗಳೂರಲ್ಲಿ ನಿಜವಾಗಿ ಮೇಲೆ ಬರುತ್ತಾನಾ? ಬಂದವರು ಇಲ್ಲಿದ್ದರೆ ಹೇಗೆ ಬಂದಿರಿ ಅಂತ ಹೇಳಿ. ಸುಮ್ನೆ ಧೈರ್ಯ ಹೇಳಬೇಡಿ, ನಡೆದದ್ದು ಹೇಳಿ.

ವಿರಾಜಪೇಟೆ ಟು ಕೆಂಗೇರಿ:

ಅಕ್ಕಾ, ನಡೆದದ್ದನ್ನೇ ಹೇಳುತ್ತೇನೆ. ನಾನು ಬೆಂಗಳೂರಿಗೆ ಬಂದದ್ದು 2011ರಲ್ಲಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ಮೆಟ್ರೋ ಶುರುವಾಯಿತು, ಬೈಯಪ್ಪನಹಳ್ಳಿಯಿಂದ ಎಂಜಿ ರೋಡಿನ ತನಕ ಮಾತ್ರ, ಏಳು ಕಿಲೋಮೀಟರೂ ಇಲ್ಲ. ನಾವು ಮೂವರು ಒಂದು ರೂಮಿನಲ್ಲಿದ್ದೆವು. ಮೂವರೂ ಒಂದೇ ಕಡೆ ಕೆಲಸ. ಏಳನೇ ತಿಂಗಳಿಗೆ ಅವರು ಆ ಸೆಕ್ಷನ್ನೇ ಮುಚ್ಚಿದರು, ಕೊನೇ ತಿಂಗಳ ಸಂಬಳವೂ ಬರಲಿಲ್ಲ.

ಒಬ್ಬ ಊರಿಗೆ ಹೋದ. ಮನೆಯಲ್ಲಿ ಕೂತು ಓದಿಕೊಂಡು ಐದು ತಿಂಗಳಾದ ಮೇಲೆ ಒಳ್ಳೆ ಕಂಪನಿಗೆ ಸೇರಿದ. ಇನ್ನೊಬ್ಬನಿಗೆ ಜಯನಗರದಲ್ಲಿ ಅಣ್ಣನ ಮನೆ ಇತ್ತು, ಅಲ್ಲಿದ್ದುಕೊಂಡು ಒಳ್ಳೆಯದು ಸಿಗುವ ತನಕ ಕಾದ. ನಾನು ಒಂಬತ್ತನೇ ದಿನಕ್ಕೆ ಒಂದು ಪೆಟ್ರೋಲ್ ಬಂಕಿನಲ್ಲಿ ರಾತ್ರಿ ಪಾಳಿಗೆ ನಿಂತೆ, ಯಾಕೆಂದರೆ ಹತ್ತನೇ ದಿನ ಬಾಡಿಗೆ ಕೊಡಬೇಕಿತ್ತು. ಅಲ್ಲೇ 14 ತಿಂಗಳು ಹೋಯಿತು. ಆಮೇಲೆ ಯಾವ ಇಂಟರ್‌ವ್ಯೂಗೆ ಹೋದರೂ ಈ 14 ತಿಂಗಳು ಏನು ಮಾಡಿದೆ ಅನ್ನುವುದೇ ಮೊದಲ ಪ್ರಶ್ನೆ. ಇವತ್ತು ಅವರಿಬ್ಬರ ಸಂಬಳ ನನ್ನದರ ಎರಡರಷ್ಟಿದೆ. ಮೂವರಲ್ಲಿ ಮಾರ್ಕ್ಸ್ ಜಾಸ್ತಿ ಇದ್ದದ್ದು ನನಗೆ.

ಹಾಗಂತ ಬರಬೇಡಿ ಅನ್ನುವುದಿಲ್ಲ. ಈಗ ನನಗೊಂದು ಮನೆ ಇದೆ, ಮಗಳು ಒಳ್ಳೆ ಶಾಲೆಗೆ ಹೋಗುತ್ತಾಳೆ. ಊರಲ್ಲೇ ಇದ್ದಿದ್ದರೆ ಇದು ಆಗುತ್ತಿರಲಿಲ್ಲ. ಆದರೆ ಬೆಂಗಳೂರಲ್ಲಿ ಕೆಲಸ ಸಿಗುವುದು ಕಷ್ಟ ಅಲ್ಲ, ಕೆಲಸ ಹೋದಾಗ ಕಾಯುವುದು ಕಷ್ಟ. ಕಾಯಲು ಆಗದವನು ಸಿಕ್ಕಿದ್ದಕ್ಕೆ ಸೇರುತ್ತಾನೆ, ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾನೆ. ಅದಕ್ಕೇ ಹೇಳುವುದು, ಮೊದಲ ವರ್ಷ ಆ ಸಂಘದ ಕಂತನ್ನು ಅವನ ತಲೆ ಮೇಲೆ ಹಾಕಬೇಡಿ. ಮೂರು ತಿಂಗಳ ಖರ್ಚಿನಷ್ಟು ದುಡ್ಡು ಅವನ ಬ್ಯಾಂಕಿನಲ್ಲಿ ಕೂಡಲಿ, ಆಮೇಲೆ ಅವನೇ ಕಟ್ಟಲಿ.

ಇನ್ನೊಂದು ವಿಷಯ. ಬಾಡಿಗೆ ಕಡಿಮೆ ಅಂತ ದೂರ ಮನೆ ಮಾಡಬೇಡಿ. ಈಗ ಮೆಟ್ರೋದ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್ ತನಕ 43 ಕಿಲೋಮೀಟರ್ ಓಡುತ್ತದೆ, ನಿಜ. ಆದರೆ 2025ರ ಫೆಬ್ರವರಿಯಲ್ಲಿ ದರ ಏರಿಸಿದಾಗ ಗರಿಷ್ಠ ಟಿಕೆಟ್ 60ರಿಂದ 90 ರೂಪಾಯಿಗೆ ಹೋಯಿತು. ನಮ್ಮ ಕಡೆಯಿಂದ ದಿನಾ ಅಲ್ಲಿಗೆ ಹೋಗಿ ಬಂದರೆ ದುಡ್ಡೂ ಹೋಯಿತು, ಮೂರು ಗಂಟೆ ಹೊತ್ತೂ ಹೋಯಿತು. ಆ ಮೂರು ಗಂಟೆಯಲ್ಲೇ ಅಲ್ವಾ ಇನ್ನೊಬ್ಬ ಹುಡುಗ ಸಿಎ ಓದುವುದು? ವೈಟ್‌ಫೀಲ್ಡ್ ಹತ್ತಿರದ ಹೂಡಿ, ಗರುಡಾಚಾರ್‌ಪಾಳ್ಯದ ಕಡೆ ನೋಡಿ.

ನಾಪೋಕ್ಲು ಕಾಫಿ:

ನೀವು ಹೇಳಿದ ಆ ಇನ್ನೊಬ್ಬ ಹುಡುಗ ಇದ್ದಾನಲ್ಲ, ನಾನೂ ಅಂಥವನೇ. ಹಾಗಾಗಿ ಬರೆಯಲೇಬೇಕು ಅನ್ನಿಸಿತು.

ನನ್ನ ಮೊದಲ ಕೆಲಸ ನನಗೆ ಹಿಡಿಸಲಿಲ್ಲ, ಬಿಟ್ಟೆ. ಕಾಫಿ ಕೊಯ್ಲಿನ ಹೊತ್ತು. ನಾಲ್ಕು ತಿಂಗಳು ಊರಲ್ಲಿದ್ದೆ, ಬೆಳಿಗ್ಗೆ ಕಣದಲ್ಲಿ ಕಾಫಿ ಹರಡಿಸುವುದು, ಮಧ್ಯಾಹ್ನ ಲ್ಯಾಪ್‌ಟಾಪ್ ಹಿಡಿದು ನೆಟ್‌ವರ್ಕ್ ಸಿಗುವ ದಿಬ್ಬ ಹತ್ತುವುದು. ಅಪ್ಪ ಒಂದು ಮಾತು ಕೇಳಲಿಲ್ಲ. ಆಮೇಲೆ ಸಿಕ್ಕ ಕೆಲಸದಲ್ಲಿ ಸಂಬಳ ಮುಕ್ಕಾಲು ಪಾಲು ಜಾಸ್ತಿ. ಅದನ್ನು ನನ್ನ ಜಾಣತನ ಅಂತಲೇ ತಿಳಿದುಕೊಂಡಿದ್ದೆ, ಬಹಳ ವರ್ಷ. ನಮ್ಮ ತೋಟದ ರೈಟರ್ ಮಗನೂ ನನ್ನ ಜೊತೆಯೇ ಓದಿದವನು, ಬೆಂಗಳೂರಲ್ಲೇ ಇದ್ದಾನೆ, ಹತ್ತು ವರ್ಷದಲ್ಲಿ ಒಂದು ವಾರ ಕೂಡ ಕೆಲಸ ಬಿಟ್ಟು ಇರಲು ಅವನಿಗೆ ಆಗಲಿಲ್ಲ. ಅವನು ಅದನ್ನು ಹೇಳಿದ ದಿನ ನನಗೆ ಅರ್ಥವಾಯಿತು.

2024ರಲ್ಲಿ ರೋಬಸ್ಟಾ ಕಾಫಿಯ ಬೆಲೆ ಹಿಂದೆಂದೂ ಇಲ್ಲದಷ್ಟು ಏರಿತು. ನಮಗೆ ಒಳ್ಳೆಯದಾಯಿತು. ಆದರೆ ಮೂಟೆಯ ಬೆಲೆ ಏರಿದ ಹಾಗೆ ನಮ್ಮ ತೋಟದಲ್ಲಿ ಕೂಲಿ ಏರಲಿಲ್ಲ, ರೈಟರ್ ಸಂಬಳವೂ ಏರಲಿಲ್ಲ. ಇದನ್ನು ನಮ್ಮ ಮನೆಯಲ್ಲೂ ಹೇಳಿದ್ದೇನೆ. ಬೆಂಗಳೂರಲ್ಲಿ ಕಾಣುವ ಅಂತರ ಬೆಂಗಳೂರಲ್ಲೇ ಹುಟ್ಟಿದ್ದಲ್ಲ, ಅರ್ಧ ಇಲ್ಲಿಂದಲೇ ಬಸ್ಸು ಹತ್ತಿ ಹೋಗುತ್ತದೆ.

ತೋಟ ಇದ್ದವರೆಲ್ಲ ಗಟ್ಟಿ ಅಂತಲೂ ಅಲ್ಲ ಅಕ್ಕಾ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಕಾಲೂರು ಕಡೆ ಗುಡ್ಡ ಕುಸಿದಾಗ ಎರಡು ಮೂರು ಎಕರೆ ಇಟ್ಟುಕೊಂಡವರ ತೋಟ, ಮನೆ ಎರಡೂ ಒಂದೇ ರಾತ್ರಿಯಲ್ಲಿ ಹೋದವು. ಅವರ ಮಕ್ಕಳೂ ಈಗ ನಿಮ್ಮ ತಮ್ಮನ ಸಾಲಿನಲ್ಲೇ ಇದ್ದಾರೆ.

ಮಡಿಕೇರಿ ಮೇಷ್ಟ್ರು:

ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಈ ಪ್ರಶ್ನೆಯನ್ನು ಪ್ರತಿ ವರ್ಷ ಒಬ್ಬರಾದರೂ ವಿದ್ಯಾರ್ಥಿ ಕೇಳುತ್ತಾರೆ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ನಮ್ಮ ಕಡೆಯ ಲೆಕ್ಕ. 2001ರಿಂದ 2011ರ ಜನಗಣತಿಯ ನಡುವೆ ಬೆಂಗಳೂರು ನಗರ ಜಿಲ್ಲೆ ಸುಮಾರು 65 ಲಕ್ಷದಿಂದ 96 ಲಕ್ಷಕ್ಕೆ ಹೋಯಿತು. ಕೊಡಗು 5.48 ಲಕ್ಷದಿಂದ 5.54 ಲಕ್ಷ. ಹತ್ತು ವರ್ಷದಲ್ಲಿ ಆರು ಸಾವಿರ ಜನ. ನಮ್ಮ ಕ್ಲಾಸಿನಲ್ಲಿ ಓದಿದ ಮಕ್ಕಳು ಎಲ್ಲಿ ಹೋದರು ಅಂತ ಬೇರೆ ಹೇಳಬೇಕಾ?

ಆದರೆ ಊರು ಬೆಳೆಯುವುದು ಬೇರೆ, ಅಲ್ಲಿ ಬಡವರ ಮಕ್ಕಳು ಮೇಲೆ ಬರುವುದು ಬೇರೆ. ಅಮೆರಿಕದಲ್ಲಿ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಜೊತೆಯವರು 2014ರಲ್ಲಿ ಇದನ್ನು ಊರೂರಿಗೆ ಲೆಕ್ಕ ಹಾಕಿದರು. ತೀರಾ ಕೆಳಗಿನ ಐದನೇ ಒಂದು ಭಾಗದ ಮನೆಯಲ್ಲಿ ಹುಟ್ಟಿದ ಮಗು ಮೇಲಿನ ಐದನೇ ಒಂದು ಭಾಗಕ್ಕೆ ಹೋಗುವ ಸಾಧ್ಯತೆ ಎಷ್ಟು ಅಂತ. ಸ್ಯಾನ್ ಹೋಸೆಯಲ್ಲಿ ನೂರಕ್ಕೆ 12.9 ಬಂತು. ಷಾರ್ಲಟ್‌ನಲ್ಲಿ 4.4. ಈ ಷಾರ್ಲಟ್ ಹಾಳುಬಿದ್ದ ಊರಲ್ಲ. ದೊಡ್ಡ ದೊಡ್ಡ ಬ್ಯಾಂಕುಗಳು ಇರುವ, ವೇಗವಾಗಿ ಬೆಳೆಯುತ್ತಿರುವ ಊರು. ಆದರೂ 50 ದೊಡ್ಡ ನಗರಗಳಲ್ಲಿ ಅದು ಕೊನೆಯದು. ಕೆಲಸ ಇತ್ತು, ಆದರೆ ಬಡವರು ಬೇರೆ ಬಡಾವಣೆ, ಬೇರೆ ಶಾಲೆ, ಬೇರೆ ಬಸ್ಸು ಅಂತ ಬೇರೆಯಾಗಿಯೇ ಉಳಿದಿದ್ದರು. ಆ ಅಂಕಿಗಳನ್ನು ಬೆಂಗಳೂರಿಗೆ ಹಾಗೇ ಅಂಟಿಸಲು ಬರುವುದಿಲ್ಲ. ಆದರೆ ಪಾಠ ನಮಗೂ ಬೇಕು.

ಅವರದೇ ತಂಡ 2022ರಲ್ಲಿ ಫೇಸ್‌ಬುಕ್‌ನ ಸುಮಾರು 7 ಕೋಟಿ ಜನರ ಸ್ನೇಹವನ್ನು ನೋಡಿತು. ಬಡ ಮನೆಯ ಮಕ್ಕಳಿಗೆ ಅನುಕೂಲಸ್ಥ ಮನೆಯ ಗೆಳೆಯರು ಜಾಸ್ತಿ ಇರುವ ಊರುಗಳಲ್ಲಿ ಆ ಮಕ್ಕಳು ಮೇಲೆ ಬರುವುದೂ ಜಾಸ್ತಿ ಅಂತ ಕಂಡುಬಂತು. ಅವರು ನೋಡಿದ ಬೇರೆ ಯಾವ ಅಂಶಕ್ಕಿಂತಲೂ ಇದರ ನಂಟು ಗಟ್ಟಿಯಾಗಿತ್ತು.

ಈಗ ನಿಮ್ಮ ಪ್ರಶ್ನೆ ಮತ್ತೊಮ್ಮೆ ಓದಿ. ನೀವು ಆ ಗೆಳೆಯನನ್ನು ಹೋಲಿಸಿ ಸಂಕಟಪಡುತ್ತಿದ್ದೀರಿ. ನನಗೆ ಕಾಣುವುದು ಬೇರೆ. ನಿಮ್ಮ ಮನೆಯಲ್ಲಿ ಊಟ ಮಾಡುವಷ್ಟು ಸಲಿಗೆ ಇರುವ ಹುಡುಗ, ಅದೇ ಆಫೀಸು, ಸಂಜೆ ಓದುವವನು. ನಿಮ್ಮ ತಮ್ಮ ಅಪರಿಚಿತರ ಜೊತೆ ಪಿಜಿಗೆ ಯಾಕೆ ಹೋಗಬೇಕು? ಇಬ್ಬರೂ ಒಂದೇ ಮನೆ ಹಿಡಿಯಲಿ. ಅವನು ಓದುವಾಗ ಇವನೂ ಪಕ್ಕದಲ್ಲಿ ಕೂರಲಿ, ಎಲ್ಲಿ ಕೆಲಸ ಖಾಲಿ ಇದೆ ಅನ್ನುವ ಸುದ್ದಿ ಅವನ ಕಿವಿಗೆ ಬಿದ್ದಾಗ ಇವನ ಕಿವಿಗೂ ಬೀಳಲಿ.

ಕುಶಾಲನಗರ ಸಂಜೆ ಬಸ್ಸು:

ಕ್ಯೂರಿಂಗ್ ವರ್ಕ್ಸ್ ಬಗ್ಗೆ ಯಾರೂ ಹೇಳಲಿಲ್ಲ. ನಾನು ಕೂಡ್ಲೂರಿನಲ್ಲಿ ಅಂಥದೇ ಒಂದು ಕಡೆ ಆರು ವರ್ಷ ಇದ್ದೆ. 9,000ಕ್ಕೆ ಸೇರಿದೆ, ಬಿಡುವಾಗ 12,500. ಕೆಲಸ ಕಲಿತೆ, ಒಳ್ಳೆ ಜನ, ದೂರು ಏನಿಲ್ಲ. ಆದರೆ ಮೇಲೆ ಇರುವುದು ಒಬ್ಬ ಮ್ಯಾನೇಜರ್, ಅವರ ಮೇಲೆ ಓನರ್. ಮ್ಯಾನೇಜರ್ ರಿಟೈರ್ ಆಗುವ ತನಕ ಆ ಕುರ್ಚಿ ಖಾಲಿ ಆಗುವುದಿಲ್ಲ, ಅಷ್ಟೇ. ಇವತ್ತು ಕೈಯಲ್ಲಿ ಜಾಸ್ತಿ ಉಳಿಯುತ್ತದೆ, ಸರಿ. ಆದರೆ ಅಪ್ಪ ಕೆಲಸ ಬಿಟ್ಟ ದಿನ ನಿಮ್ಮ ಮನೆಯೂ ಹೋಗುತ್ತದೆ ಅಂದಿರಲ್ಲ. ಆಗ 13,000ದಲ್ಲಿ ಕುಶಾಲನಗರದಲ್ಲೂ ಬಾಡಿಗೆ ಕಟ್ಟಬೇಕು.

ಇನ್ನೊಂದು ಕೇಳಲಾ? ಇಷ್ಟು ಚೆನ್ನಾಗಿ ಲೆಕ್ಕ ಹಾಕಿದವರು ನೀವು. ನಿಮ್ಮ ಕೆಲಸದ ಬಗ್ಗೆ ಒಂದು ಸಾಲೂ ಇಲ್ಲ.

ಸುಂಟಿಕೊಪ್ಪದ ಅಕ್ಕ:

ಎಲ್ಲರ ಉತ್ತರವನ್ನೂ ನಿನ್ನೆ ರಾತ್ರಿ ಅಪ್ಪ, ಅಮ್ಮ, ತಮ್ಮನ ಮುಂದೆ ಜೋರಾಗಿ ಓದಿದೆ. ಪೆಟ್ರೋಲ್ ಬಂಕಿನ ಹತ್ತಿರ ಬಂದಾಗ ಅಪ್ಪ ಎದ್ದು ಹೊರಗೆ ಹೋಗಿ ಸ್ವಲ್ಪ ಹೊತ್ತು ಅಂಗಳದಲ್ಲಿ ನಿಂತಿದ್ದರು. ಕೆಂಗೇರಿ ಅಣ್ಣಾ, ಅದನ್ನು ಬರೆದದ್ದಕ್ಕೆ ಥ್ಯಾಂಕ್ಸ್.

ಬಸ್ಸಿನ ಅಕ್ಕಾ, ನಾನು ಪಿಯುಸಿ ಆದ ಮೇಲೆ ಟ್ಯಾಲಿ ಕಲಿತೆ. ಒಂದು ಹೋಂಸ್ಟೇಯಲ್ಲಿ ಬಿಲ್ಲು, ಬುಕಿಂಗ್ ನೋಡಿಕೊಳ್ಳುತ್ತೇನೆ. ಇಬ್ಬರನ್ನೂ ಓದಿಸಲು ಆಗುತ್ತಿರಲಿಲ್ಲ, ಅದಕ್ಕೆ ಅವನು ಓದಿದ. ಸಂಘದ ಕಂತನ್ನು ಒಂದು ವರ್ಷ ನಾನೇ ಕಟ್ಟುತ್ತೇನೆ ಅಂತ ಹೇಳಿದೆ. ತಮ್ಮ ಬೇಡ ಅಂದ, ಜಗಳ ಆಯಿತು. ಕೊನೆಗೆ ಒಂದು ವರ್ಷ ಆದ ಮೇಲೆ ನನ್ನ ಬಿಕಾಂ ಫೀಸು ಅವನು ಕಟ್ಟಬೇಕು, ಮನೆಯಿಂದಲೇ ಓದುವ ಕೋರ್ಸ್, ಅಂತ ಆಯಿತು. ಇದನ್ನೂ ಅದೇ ಚೆಕ್‌ರೋಲ್ ಹಾಳೆಯಲ್ಲಿ ಅವನ ಕೈಯಲ್ಲೇ ಬರೆಸಿದ್ದೇನೆ.

ಮೇಷ್ಟ್ರೇ, ಆ ಹುಡುಗನಿಗೆ ತಮ್ಮನೇ ಫೋನ್ ಮಾಡಿದ. ಅವನು ಮೊದಲಿನಿಂದಲೂ ಒಟ್ಟಿಗೆ ಇರೋಣ ಅಂದುಕೊಂಡಿದ್ದನಂತೆ. ಅಡ್ವಾನ್ಸ್‌ನಲ್ಲಿ ಅರ್ಧ ಕೇಳಿದರೆ ನಮಗೆ ಬೇಜಾರಾಗಬಹುದು ಅಂತ ಬಾಯಿ ಬಿಟ್ಟಿರಲಿಲ್ಲ. ಈಗ ಅವರ ಅಪ್ಪ ಅಡ್ವಾನ್ಸ್ ಪೂರ್ತಿ ಕೊಡುತ್ತಾರೆ, ನಮ್ಮ ಅರ್ಧವನ್ನು ಹತ್ತು ತಿಂಗಳಲ್ಲಿ ತೀರಿಸುತ್ತೇವೆ. ನಮ್ಮ ಅಪ್ಪನೇ ಹೋಗಿ ಮಾತಾಡಿ ಬಂದರು.

ಜಾಯಿನ್ ಆಗುವುದು ಒಂದನೇ ತಾರೀಖು. ಗರುಡಾಚಾರ್‌ಪಾಳ್ಯ ಅಥವಾ ಹೂಡಿ ಕಡೆ ಒಂದು ರೂಮು, ಹಾಲ್, ಅಡುಗೆಮನೆ ಇರುವ ಮನೆ ಯಾರಿಗಾದರೂ ಗೊತ್ತಿದ್ದರೆ ಹೇಳಿ. ಬಾಡಿಗೆ 14,000 ಒಳಗೆ, ಅಡ್ವಾನ್ಸ್ ಐದು ತಿಂಗಳಿಗಿಂತ ಜಾಸ್ತಿ ಆಗಬಾರದು, ನೀರು ಸರಿಯಾಗಿ ಬರಬೇಕು. ಇಬ್ಬರೇ ಹುಡುಗರು, ಇಬ್ಬರೂ ಅಡುಗೆ ಮಾಡುತ್ತಾರೆ.