ಬರೆದು ನಿರ್ಧಾರ ಮಾಡುತ್ತೀರಾ, ಮನಸ್ಸು ಹೇಳಿದಂತೆ ಹೋಗುತ್ತೀರಾ?

ಮುಸ್ಸಂಜೆ: ಕೆಲಸ ಬಿಟ್ಟು ಮತ್ತೆ ಓದಲು ಹೋಗಬೇಕೋ ಬೇಡವೋ ಅಂತ ಯೋಚಿಸಿ ಯೋಚಿಸಿ ಸಾಕಾಗಿದೆ. ಅದದೇ ಮಾತು ತಲೆಯಲ್ಲಿ ಸುತ್ತುತ್ತದೆ. ನಿಮ್ಮ ಅನುಭವ ಹೇಳಿ.

ಗೀಚುಗಾರ: ಬರೆಯಿರಿ. ಮನೆ ಮಾರುವ ವಿಚಾರದಲ್ಲಿ ನಾನು ಬೇಸಿಗೆಯಿಡೀ ನಿದ್ದೆಗೆಟ್ಟಿದ್ದೆ. ಹಾಳೆಗೆ ಇಳಿಸಿದಾಗ ಹತ್ತಾರು ಕಾರಣ ಅಂದುಕೊಂಡಿದ್ದವು ಬರೀ ಮೂರೇ ಇದ್ದವು. ಅಮೆರಿಕದ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್ 1772ರಲ್ಲಿ ಗೆಳೆಯ, ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿಗೆ ಪತ್ರದಲ್ಲಿ ಹೇಳಿದ್ದೂ ಇದನ್ನೇ. ಪರ ಒಂದು ಕಡೆ, ವಿರೋಧ ಇನ್ನೊಂದು ಕಡೆ. ಮೂರ್ನಾಲ್ಕು ದಿನ ಹೊಳೆದದ್ದೆಲ್ಲ ಸೇರಿಸಿ, ಸಮ ತೂಗುವುದನ್ನು ಹೊಡೆದುಹಾಕಿ. ನಾನು ಮನೆ ಮಾರಲಿಲ್ಲ. ಇವತ್ತಿಗೂ ಅದೇ ಮನೆಯಲ್ಲಿದ್ದೇನೆ, ಖುಷಿಯಾಗಿದ್ದೇನೆ.

ಒಳದನಿ: ನನ್ನ ಪಾಲುದಾರ ಇಂಥದ್ದೇ ಪಟ್ಟಿ ಮುಂದಿಟ್ಟು ಸಹಿ ಹಾಕಿಸಿಕೊಂಡ. ಅವನೆದುರು ಕೂತಾಗಲೆಲ್ಲ ಹೊಟ್ಟೆಯಲ್ಲಿ ಏನೋ ಕಸಿವಿಸಿ. ಪಟ್ಟಿಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಆಮೇಲೆ ಅಂಗಡಿಯ ಮುಂಗಡ ಹೋಯಿತು. ಯಂತ್ರ ಅರ್ಧ ಬೆಲೆಗೆ ಹೋಯಿತು. ಮಾಲು ತುಂಬಿದ್ದ ಗೋದಾಮು ಅವನ ಹೆಸರಲ್ಲಿತ್ತು, ಬೀಗ ಬದಲಾಯಿತು. ವಕೀಲರ ಫೀಸಿನ ಕಂತು ಇನ್ನೂ ಕಟ್ಟುತ್ತಿದ್ದೇನೆ.

ಗೀಚುಗಾರ: ಕಸಿವಿಸಿಯನ್ನೂ ಬರೆಯಬೇಕಿತ್ತು. ಅದು ಹಾಳೆಯ ತಪ್ಪಲ್ಲ.

ಒಳದನಿ: ಕಳೆದುಕೊಂಡವರಿಗೆ ಪಾಠ ಹೇಳುವುದು ಸುಲಭ ಬಿಡಿ.

ರಾತ್ರಿಪಾಳಿ: ನಾನು ತುರ್ತು ವಾರ್ಡಿನ ನರ್ಸ್. ಒಮ್ಮೆ ಮಾನಿಟರ್‌ನಲ್ಲಿ ಎಲ್ಲ ಸರಿಯಿತ್ತು, ಆದರೆ ರೋಗಿಯ ತುಟಿಯ ಸುತ್ತ ಬಣ್ಣ ಇಳಿದಿತ್ತು, ಹೊದಿಕೆಯ ಅಂಚನ್ನು ಸುಮ್ಮಸುಮ್ಮನೆ ಎಳೆಯುತ್ತಿದ್ದರು. ಡಾಕ್ಟರನ್ನು ಕರೆದೆ. ಕರೆದದ್ದೇ ಒಳ್ಳೆಯದಾಯಿತು. ಈ ಅನಿಸಿಕೆ ಸುಮ್ನೆ ಬರುವುದಿಲ್ಲ. ನಮ್ಮ ಊಹೆ ಸರಿಯೋ ತಪ್ಪೋ ಅಂತ ವರ್ಷಗಟ್ಟಲೆ ಅಲ್ಲಲ್ಲೇ ಗೊತ್ತಾಗಿ ಬರುವುದು. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾಹ್ನೆಮನ್ ಮತ್ತು ಗ್ಯಾರಿ ಕ್ಲೈನ್ 2009ರಲ್ಲಿ ಜೊತೆಯಾಗಿ ಬರೆದಿದ್ದೂ ಇದನ್ನೇ. ಅನಿಸಿಕೆಯನ್ನು ನಂಬಬೇಕಾದರೆ ನಡೆಯುವುದರಲ್ಲಿ ಒಂದು ಕ್ರಮ ಇರಬೇಕು, ಅದನ್ನು ಕಲಿಯಲು ಅವಕಾಶವೂ ಇರಬೇಕು. ಪಾಲುದಾರರನ್ನು ಜೀವನದಲ್ಲಿ ಎಷ್ಟು ಸಲ ಆರಿಸುತ್ತೀರಿ?

ಒಳದನಿ: ನನ್ನ ಅನಿಸಿಕೆ ನಿಜವಾಯಿತಲ್ವಾ? ಮತ್ತೇನು ಬೇಕು ನಿಮಗೆ?

ರಾತ್ರಿಪಾಳಿ: ಸುಳ್ಳಾದ ಅನಿಸಿಕೆಗಳನ್ನು ಯಾರು ಲೆಕ್ಕ ಇಡುತ್ತಾರೆ? ಡಾರ್ವಿನ್ ತನ್ನ ವಾದಕ್ಕೆ ವಿರುದ್ಧವಾದ ಸಂಗತಿ ಕಂಡರೆ ಕೂಡಲೇ ಬರೆದಿಡುತ್ತಿದ್ದ. ಅಂಥವೇ ಬೇಗ ಮರೆತುಹೋಗುತ್ತವೆ ಅಂತ ಅವನಿಗೆ ಗೊತ್ತಿತ್ತು.

ಗೀಚುಗಾರ: ನೋಡಿ, ಅವನೂ ಬರೆಯುತ್ತಿದ್ದ!

ಕಾಲುದಾರಿ: ಬರೆಯುವುದು ಸರಿ, ಆದರೆ ಫೋನಿನಲ್ಲಿ ಬೇಡ. ನಾನು ಹಾಗೆ ಮಾಡಿ ನೋಡಿದ್ದೇನೆ. ಒಂದು ಸಾಲು ಬರೆಯುವಷ್ಟರಲ್ಲಿ ಒಂದು ಸಂದೇಶ, ಅದಕ್ಕೆ ಉತ್ತರ, ಆಮೇಲೆ ಏನು ಬರೆಯುತ್ತಿದ್ದೆ ಅಂತಲೇ ಗೊತ್ತಾಗುತ್ತಿರಲಿಲ್ಲ.

ಗೀಚುಗಾರ: ನಾನು ಈಗ ಎಲ್ಲವನ್ನೂ ಫೋನಿನಲ್ಲೇ ಬರೆಯುವುದು. ಸದ್ದು ನಿಲ್ಲಿಸಿದರಾಯಿತು.

ಕಾಲುದಾರಿ: ಸದ್ದು ನಿಲ್ಲಿಸಿದರೂ ಕೈ ಅದನ್ನೇ ಹುಡುಕುತ್ತದೆ. ಮೊದಲು ಪಕ್ಕದ ಕೋಣೆಯಲ್ಲಿಟ್ಟು ನೋಡಿ, ಆಮೇಲೆ ವಾದಕ್ಕೆ ಬನ್ನಿ.