ಹಿರಿಯರ ಆರೋಗ್ಯ ಶಿಬಿರದಾಗ ಇನ್ಶೂರೆನ್ಸ್ ಟೇಬಲ್: ನಂಬರ್ ಯಾರ್ದು ತಗೋಬೇಕು, ಹ್ಯಾಂಗ ತಗೋಬೇಕು?

ಪ್ರಶ್ನೆ (ಹೊಸ ಏಜೆಂಟ್, ಗಂಗಾವತಿ)

ನಮಸ್ಕಾರ್ರಿ ಸರ್. ನಾನು ಹೆಲ್ತ್ ಇನ್ಶೂರೆನ್ಸ್ ಏಜೆಂಟ್, ಪರೀಕ್ಷೆ ಪಾಸಾಗಿ ಕೋಡ್ ಬಂದು ಇನ್ನೂ ವರ್ಷ ಆಗಿಲ್ರಿ. ಮುಂದಿನ ತಿಂಗಳು ನಮ್ಮೂರಾಗ ನಿವೃತ್ತ ನೌಕರರ ಸಂಘದವ್ರು ಒಂದು ಖಾಸಗಿ ಆಸ್ಪತ್ರೆ ಜೊತಿ ಸೇರಿ ಹಿರಿಯ ನಾಗರಿಕರಿಗೆ ಉಚಿತ ತಪಾಸಣಾ ಶಿಬಿರ ಇಟ್ಟಾರ. ಬಿಪಿ, ಶುಗರ್, ಇಸಿಜಿ, ಕಣ್ಣು ಎಲ್ಲಾ ಐತ್ರಿ. ಪೆಂಡಾಲ್ ಖರ್ಚಿಗೆ ಅಂತ ಸ್ವಲ್ಪ ರೊಕ್ಕ ಕೊಟ್ರ ನೀವೂ ಒಂದು ಟೇಬಲ್ ಹಾಕ್ಕೋರಿ ಅಂದಾರ. ನಾನು ಅನ್ಕೊಂಡಿದ್ದು ಇಷ್ಟು: ಲಕ್ಕಿ ಡ್ರಾ ಇಟ್ಟು, ಚೀಟಿ ಮ್ಯಾಲೆ ಹೆಸರು, ಫೋನ್ ನಂಬರ್ ಬರೆಸ್ಕೊಂಡು, ಗೆದ್ದವ್ರಿಗೆ ಒಂದು ಕುಕ್ಕರ್ ಕೊಡೋದು. ಇಲ್ಲಾಂದ್ರ ಆಸ್ಪತ್ರೆಯವ್ರ ನೋಂದಣಿ ರಿಜಿಸ್ಟರ್‌ದು ಒಂದು ಜೆರಾಕ್ಸ್ ಇಸ್ಕೊಳ್ಳೋದು. ಯಾವ್ದು ಚಲೋ? ಜಾಸ್ತಿ ಲೀಡ್ (ಮುಂದ ಗಿರಾಕಿ ಆಗಬಹುದಾದವ್ರ ಹೆಸರು, ನಂಬರ್) ಹೆಂಗ ಸಿಗ್ತಾವ ಹೇಳ್ರಿ.

ಉತ್ತರ (ಸರ್ಕಾರಿ ಜನರಲ್ ಇನ್ಶೂರೆನ್ಸ್ ಕಂಪನಿಯ ನಿವೃತ್ತ ಡೆವಲಪ್‌ಮೆಂಟ್ ಆಫೀಸರ್, ರಾಯಚೂರು)

ಎರಡೂ ಬ್ಯಾಡ ತಮ್ಮ.

ರಿಜಿಸ್ಟರ್‌ನಾಗ ಅವರು ಹೆಸರು ಬರೆಸಿದ್ದು ಡಾಕ್ಟರಿಗೆ ತೋರಿಸ್ಕೊಳ್ಳಾಕ, ನಿನ್ನ ಫೋನ್ ಬರ್ಲಿ ಅಂತ ಅಲ್ಲ. ಯಾವ ಕೆಲಸಕ್ಕ ಒಪ್ಪಿಗಿ ಕೊಟ್ಟಾರೋ ಆ ಕೆಲಸಕ್ಕಷ್ಟೇ ಮಾಹಿತಿ ಬಳಸಬೇಕು ಅನ್ನೋದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳು. ಕಾಯ್ದೆ ಬದಿಗಿಟ್ರೂ, ನಿವೃತ್ತ ನೌಕರರ ಸಂಘ ಅಂದ್ರ ತಿಂಗಳಿಗೊಮ್ಮೆ ಸೇರಿ ಚಹಾ ಕುಡಿಯೋ ಮಂದಿ. ಒಬ್ಬ ಮೇಷ್ಟ್ರು "ನನ್ನ ನಂಬರ್ ಇವನಿಗೆ ಯಾರು ಕೊಟ್ರು?" ಅಂದ್ರ ಸಾಕು, ಗಂಗಾವತಿ ತುಂಬ ನಿನ್ನ ಹೆಸರು ಹೋಗ್ತದ.

ಕುಕ್ಕರ್ ಚೀಟಿ ಬರೆಯೋರು ಕುಕ್ಕರ್ ಸಲುವಾಗಿ ಬರೀತಾರ. ಮರುದಿನ ನೀ ಫೋನ್ ಮಾಡಿದ್ರ "ಡ್ರಾ ಆತೇನಪಾ?" ಅಂತ ಕೇಳಿ ಇಟ್ಟುಬಿಡ್ತಾರ. ಪಾಲಿಸಿ ತಗೊಂಡವರಿಗೆ ಕಂತಿನಾಗ ರೊಕ್ಕ ವಾಪಸ್ ಅಂತ ಹೇಳೋದಂತೂ 1938ರ ವಿಮಾ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ತಪ್ಪು. ಪಾಲಿಸಿಗೆ ಅರ್ಜಿ ಹಾಕೋ ಪ್ರಪೋಸಲ್ ಫಾರ್ಮ್‌ನಾಗ ಆ ಸೆಕ್ಷನ್ ಅಚ್ಚು ಹಾಕಿರ್ತಾರ, ಒಮ್ಮೆ ಕೂತು ಓದು.

ಈಗ ಮುಖ್ಯ ಮಾತು. ಶಿಬಿರಕ್ಕ ಬರೋ ಮುದುಕರು ನಿನ್ನ ಗಿರಾಕಿ ಅಲ್ಲ. ಅವರನ್ನ ಬೈಕ್ ಮ್ಯಾಲ ಕೂರಿಸ್ಕೊಂಡು ಬಂದಿರೋ ಮಗ, ಕೈ ಹಿಡ್ಕೊಂಡು ಸಾಲಿನಾಗ ನಿಂತಿರೋ ಮಗಳು ಅಥವಾ ಸೊಸಿ ನಿನ್ನ ಗಿರಾಕಿ. ಅವರ ವಯಸ್ಸು 40 ಇಲ್ಲಾ 50. ಅಪ್ಪನ ಇಸಿಜಿ ಪಟ್ಟಿ ಕೈಯಾಗ ಹಿಡ್ಕೊಂಡು ನಿಂತಾಗ ಅವರ ತಲಿಯಾಗ ಎರಡು ಲೆಕ್ಕ ಓಡ್ತಿರ್ತಾವ, ಅಪ್ಪಂದು ಒಂದು, ತಮ್ಮದು ಒಂದು. ಅಪ್ಪನಿಗೆ ಪಾಲಿಸಿ ಸಿಗೋದು ಕಷ್ಟ ಆಗಬಹುದು, ಸಿಕ್ರೂ ಕಂತು ಭಾರಿ. ಇವರಿಗೆ ಇನ್ನೂ ಹೊತ್ತು ಮೀರಿಲ್ಲ.

ವಯಸ್ಸಾದವರಿಗೆ ಸಿಗೋದೇ ಇಲ್ಲ ಅಂತಲ್ಲ. 65 ವರ್ಷದ ತನಕ ಹೊಸ ಪಾಲಿಸಿ ಕೊಟ್ರ ಸಾಕು ಅಂತ ಕಂಪನಿಗಳಿಗಿದ್ದ ಹಳೇ ಮಿತಿಯನ್ನ ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2024ರ ಏಪ್ರಿಲ್‌ನಿಂದ ತಗದುಹಾಕ್ಯದ. ಹಳೇ ಕಾಯಿಲೆಯ ಚಿಕಿತ್ಸೆಗೆ ಕ್ಲೇಮ್ ಸಿಗಾಕ ಕಾಯೋ ಅವಧಿ ಹೆಚ್ಚಂದ್ರ 48 ತಿಂಗಳಿತ್ತು, ಈಗ 36. 2025ರ ಜನವರಿಯಾಗ, ಹಿರಿಯರ ಕಂತು ವರ್ಷಕ್ಕ ಶೇ 10ಕ್ಕಿಂತ ಜಾಸ್ತಿ ಏರಿಸೋದಿದ್ರ ಮೊದಲು ನಮ್ಮನ್ನ ಕೇಳ್ರಿ ಅಂತ ಕಂಪನಿಗಳಿಗೆ ಹೇಳ್ಯಾರ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಹೆಲ್ತ್ ಪಾಲಿಸಿ ಮ್ಯಾಲಿನ ಶೇ 18 ಜಿಎಸ್‌ಟಿನೂ ಹೋಗ್ಯದ. ಇವೆಲ್ಲಾ ಕೇಳಿದವರಿಗೆ ಹೇಳು. ಆದ್ರ ಮಿತಿ ಹೋಯ್ತು ಅಂದ್ರ ಕೇಳಿದವರಿಗೆಲ್ಲಾ ಪಾಲಿಸಿ ಕೊಟ್ಟೇ ಕೊಡ್ತಾರ ಅಂತ ಅರ್ಥ ಅಲ್ಲ. ಆರೋಗ್ಯ ನೋಡಿ ಬ್ಯಾಡ ಅನ್ನೋ ಅಧಿಕಾರ ಕಂಪನಿಗೆ ಇನ್ನೂ ಅದ.

ಇನ್ನೊಂದು. ಬಂದವರಾಗ ಭಾಳ ಮಂದಿ ಬಿಪಿಎಲ್ ಕಾರ್ಡಿನವರು ಇರ್ತಾರ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಾಗ ಅವರ ಕುಟುಂಬಕ್ಕ ವರ್ಷಕ್ಕ 5 ಲಕ್ಷದ ತನಕ ಚಿಕಿತ್ಸೆ ಅದ. ಎಪಿಎಲ್‌ನವರಿಗೂ ಒಂದಿಷ್ಟು ಅದ, ಪ್ಯಾಕೇಜ್ ದರದ (ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ದರ) ಶೇ 30, ವರ್ಷಕ್ಕ ಒಂದೂವರೆ ಲಕ್ಷದ ಒಳಗ. 70 ದಾಟಿದವರಿಗೆ ಆದಾಯ ನೋಡದ 5 ಲಕ್ಷ ಅಂತ ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ಕ್ಕ ಶುರು ಮಾಡ್ಯದ. ಅದು ನಿಮ್ಮ ಕಡಿ ಹ್ಯಾಂಗ ನಡದದ ಅಂತ ಕೊಪ್ಪಳ ಜಿಲ್ಲಾ ಆಸ್ಪತ್ರೆಯ ಆರೋಗ್ಯ ಮಿತ್ರರ (ಈ ಯೋಜನೆಗಳಿಗೆ ಸಹಾಯ ಮಾಡೋ ಸಿಬ್ಬಂದಿ) ಹತ್ರ ಶಿಬಿರಕ್ಕಿಂತ ಮೊದಲೇ ಹೋಗಿ ಕೇಳ್ಕೊಂಡು ಬಾ. ಕಾರ್ಡ್ ಇದ್ದವರಿಗೆ ಹೆದರಿಸಿ ಪಾಲಿಸಿ ಮಾರಬ್ಯಾಡ. ಅವರಿಗೆ ದಾರಿ ತೋರಿಸಿ ಕಳಿಸು. ಅದನ್ನ ಪಕ್ಕದಾಗ ನಿಂತ ಪಿಂಚಣಿದಾರರು ನೋಡ್ತಿರ್ತಾರ.

ಟೇಬಲ್ ಮ್ಯಾಲ ಏನಿಡಬೇಕು? ಒಂದೇ ಬೋರ್ಡ್: "ನಿಮ್ಮ ಹಳೇ ಪಾಲಿಸಿ ತರ್ರಿ, ಓದಿ ಹೇಳ್ತೀವಿ." ಶಿಬಿರದ ಕರಪತ್ರದಾಗ ಈ ಒಂದು ಸಾಲು ಹಾಕಿಸು ಅಂತ ಸಂಘದವರನ್ನ ಕೇಳ್ಕೋ. ನಮ್ಮ ಮಂದಿ ಪಾಲಿಸಿ ಬಾಂಡನ್ನ ಹೊಲದ ಪಹಣಿ ಜೊತಿ ಟ್ರಂಕಿನಾಗ ಇಟ್ಟುಬಿಡ್ತಾರ, ಓದಿರೂದಿಲ್ಲ. ನೀ ತಗದು ರೂಂ ಬಾಡಿಗಿ ಮಿತಿ ಎಷ್ಟು, ಕಣ್ಣಿನ ಪೊರೆ ಆಪರೇಷನ್‌ಗೆ ಎಷ್ಟು ಕೊಡ್ತಾರ, ಕೋ-ಪೇ (ಬಿಲ್ಲಿನಾಗ ಗಿರಾಕಿ ಕೈಯಿಂದ ಕಟ್ಟೋ ಪಾಲು) ಎಷ್ಟು ಅಂತ ಬೆರಳಿಟ್ಟು ತೋರಿಸು. ನಾಮಿನಿ ಹೆಸರು ನೋಡು. ತೀರಿಹೋದ ಹೆಂಡತಿ ಹೆಸರು ಇನ್ನೂ ಹಂಗೇ ಇರ್ತದ. ಆಮ್ಯಾಲ ರಿನ್ಯೂವಲ್ ತಾರೀಖು ನೋಡಿ, ಅವರು ಒಪ್ಪಿದ್ರ ಬರ್ಕೋ. ನನ್ನ ಲೆಕ್ಕದಾಗ ಲೀಡ್ ಅಂದ್ರ ಅದು, ಬರೇ ಫೋನ್ ನಂಬರ್ ಅಲ್ಲ. ಬ್ಯಾರೆ ಕಂಪನಿಗೆ ಪೋರ್ಟ್ ಮಾಡಬೇಕಂದ್ರ ರಿನ್ಯೂವಲ್‌ಗೆ ಎರಡು ತಿಂಗಳು ಮೊದಲೇ ಮಾತು ಶುರು ಆಗಬೇಕು. ಕಾಯೋ ಅವಧಿಯಾಗ ಅವರು ಈಗಾಗಲೇ ಕಳೆದ ವರ್ಷಗಳು ಹಳೇ ವಿಮಾ ಮೊತ್ತದ ಮಟ್ಟಿಗೆ ಹೊಸ ಕಂಪನಿಯಾಗೂ ಲೆಕ್ಕಕ್ಕ ಬರ್ತಾವ. ಇದನ್ನ ಬಿಡಿಸಿ ಹೇಳಿದ್ರ ಅರ್ಧ ಕೆಲಸ ಆದಂಗ.

ಪ್ರಶ್ನೆ (ಏಜೆಂಟ್, ಬಳ್ಳಾರಿ)

ಸರ್, ನನ್ನದೂ ಒಂದು ಸೇರಿಸುತ್ತೇನೆ. ಇಲ್ಲಿ ಒಂದು ಶಿಬಿರದಲ್ಲಿ ನನ್ನ ಟೇಬಲ್ ಶುಗರ್ ಚೆಕ್ ಮಾಡುವ ಜಾಗದ ಪಕ್ಕದಲ್ಲೇ ಇತ್ತು. 52 ವರ್ಷದ ಒಬ್ಬರು, ತಾಯಿಯನ್ನು ಕರೆದುಕೊಂಡು ಬಂದವರು, ಹೇಗೂ ಬಂದಿದ್ದೇನೆ ಅಂತ ತಾವೂ ಬೆರಳು ಚುಚ್ಚಿಸಿಕೊಂಡರು. 240 ಬಂತು. ಸೀದಾ ನನ್ನ ಹತ್ತಿರ ಬಂದು, "ಮೇಡಂ, ಇವತ್ತೇ ಪಾಲಿಸಿ ಮಾಡಿ, ಇದನ್ನ ಮಾತ್ರ ಬರೀಬೇಡಿ, ನನಗೂ ಈಗ ತಾನೇ ಗೊತ್ತಾಗಿದ್ದು" ಅಂದರು. ನಾನು ಒಪ್ಪಲಿಲ್ಲ, ಅವರು ಬೇರೆ ಏಜೆಂಟ್ ಹತ್ತಿರ ಹೋದರು. ಒಳ್ಳೆ ಲೀಡ್ ಕೈಬಿಟ್ಟೆನಾ ಅಂತ ಮನಸ್ಸಿನಲ್ಲಿ ಉಳಿದಿದೆ.

ಉತ್ತರ (ರಾಯಚೂರು)

ಕೈಬಿಟ್ಟಿದ್ದು ಲೀಡ್ ಅಲ್ಲ ಮೇಡಂ, ಮುಂದಿನ ಜಗಳ.

ಮೊದಲನೇದು, ಗ್ಲುಕೋಮೀಟರ್ ಒಮ್ಮೆ 240 ತೋರಿಸಿದ ಮಾತ್ರಕ್ಕ ಸಕ್ಕರೆ ಕಾಯಿಲೆ ಅಂತ ನಾನೂ ಹೇಳೋಹಂಗಿಲ್ಲ, ನೀವೂ ಹೇಳೋಹಂಗಿಲ್ಲ. ಖಾಲಿ ಹೊಟ್ಟಿಲೆ 126 ಅಥವಾ ಅದಕ್ಕಿಂತ ಮ್ಯಾಲ, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸೋ ಎಚ್‌ಬಿಎಒನ್‌ಸಿ 6.5 ಅಥವಾ ಅದಕ್ಕಿಂತ ಮ್ಯಾಲ ಬಂದ್ರ ಡಾಕ್ಟರ್ ನಿರ್ಧಾರ ಮಾಡ್ತಾರ. ಅದಕ್ಕ ಅವರಿಗೆ ಹೇಳಬೇಕಾದ್ದು ಇಷ್ಟೇ: "ನಾಳೆ ಬೆಳಿಗ್ಗೆ ಲ್ಯಾಬ್‌ನಾಗ ರಕ್ತ ಕೊಡ್ರಿ, ಡಾಕ್ಟರಿಗೆ ತೋರಿಸ್ರಿ, ರಿಪೋರ್ಟ್ ತಗೊಂಡು ಬರ್ರಿ, ಪ್ರಪೋಸಲ್ ಜೊತಿ ಹಚ್ಚೋಣ."

ಎರಡನೇದು, ಮುಚ್ಚಿಟ್ರ ಅವರಿಗೆ ಏನು ಸಿಗ್ತಿತ್ತು? ಹೇಳಿದ್ರ ಹೆಚ್ಚಂದ್ರ ಸಕ್ಕರೆಗೆ ಸಂಬಂಧಪಟ್ಟ ಚಿಕಿತ್ಸೆಗೆ ಮೂರು ವರ್ಷ ಕಾಯಬೇಕು, ಕಂತು ಸ್ವಲ್ಪ ಜಾಸ್ತಿ ಆಗಬಹುದು, ಕೆಲವೊಮ್ಮೆ ಕಂಪನಿ ಬ್ಯಾಡ ಅನ್ನಬಹುದು. ಹೇಳದಿದ್ರ 60 ತಿಂಗಳ ತನಕ ಕತ್ತಿ ತೂಗ್ತಿರ್ತದ. ಆ ಐದು ವರ್ಷದಾಗ ಯಾವಾಗ ಬೇಕಾದ್ರೂ ಮಾಹಿತಿ ಮುಚ್ಚಿಟ್ರಿ ಅಂತ ಕ್ಲೇಮ್ ತಿರಸ್ಕಾರ ಆಗಬಹುದು. ಮೊದಲು ಇದು ಎಂಟು ವರ್ಷ ಇತ್ತು, 2024ರಾಗ ಐದಕ್ಕ ಇಳಿಸ್ಯಾರ. ಐದು ದಾಟಿದ ಮ್ಯಾಲೂ ಮೋಸ ಅಂತ ಸಾಬೀತಾದ್ರ ಉಳಿಗಾಲ ಇಲ್ಲ.

ಸಿಕ್ಕಿಬೀಳೋದು ಹ್ಯಾಂಗ ಅಂತ ಮಂದಿ ಕೇಳ್ತಾರ. ಭಾಳ ಸರಳ. ರಾತ್ರಿ ಎದಿನೋವು ಅಂತ ಆಸ್ಪತ್ರೆಗೆ ಒಯ್ತಾರ, ಡ್ಯೂಟಿ ಡಾಕ್ಟರ್ "ಶುಗರ್ ಅದ ಏನ್ರೀ?" ಅಂತ ಕೇಳ್ತಾರ. ಹೆಂಡತಿ ಗಾಬರಿಯಾಗ "ಹೌದ್ರಿ, ಮೂರು ವರ್ಷದಿಂದ ಅದ" ಅಂತಾಳ. ಕೇಸ್ ಶೀಟಿನ ಮೊದಲ ಸಾಲಿನಾಗೇ ಡಾಕ್ಟರ್ "ಕೆ/ಸಿ/ಓ ಡಿಎಂ, 3 ವರ್ಷ" (ಅಂದ್ರ ಮೊದಲೇ ಗೊತ್ತಿರೋ ಸಕ್ಕರೆ ಕಾಯಿಲೆ) ಅಂತ ಬರೀತಾರ. ಕ್ಯಾಶ್‌ಲೆಸ್ ಅರ್ಜಿ ಜೊತಿ ಆ ಹಾಳಿ ಕಂಪನಿಗೆ ಹೋಗ್ತದ. ಪಾಲಿಸಿ ಎರಡು ವರ್ಷದ ಹಿಂದಿಂದು, ಕಾಯಿಲೆ ಮೂರು ವರ್ಷದ್ದು. ಮುಗೀತು. ಆವಾಗ ಅವರು ಹುಡುಕೋದು ಕಂಪನಿಯನ್ನಲ್ಲ, ಫಾರ್ಮ್ ತುಂಬಿದ ಏಜೆಂಟನ್ನ.

ಇನ್ನೊಮ್ಮೆ ಟೇಬಲ್ ಹಾಕಿದಾಗ ಶುಗರ್ ನೋಡೋ ಜಾಗದಿಂದ ದೂರ ಕೂತ್ಕೋರಿ. ಅಲ್ಲಿ ನರ್ಸ್ ಕೂಗಿ ಹೇಳೋ ಅಂಕಿ ನಮ್ಮ ಕಿವಿಗೆ ಬೀಳೋದೇ ಸರಿ ಅಲ್ಲ.

ಪ್ರಶ್ನೆ (ಏಜೆಂಟ್, ಸಿಂಧನೂರು)

ಯೂಟ್ಯೂಬ್‌ನಾಗ ಅಮೆರಿಕದ ಏಜೆಂಟರು ಸೀನಿಯರ್ ಹೆಲ್ತ್ ಫೇರ್‌ನಾಗ ಬೂತ್ ಹಾಕಿ ಭಾಳ ಲೀಡ್ ತಗೀತಾರ ಅಂತ ತೋರಿಸ್ತಾರ್ರಿ. ತಿರುಗಿಸೋ ಚಕ್ರ, ಬಹುಮಾನ ಎಲ್ಲಾ ಇರ್ತದ. ಅದನ್ನ ಇಲ್ಲಿ ಮಾಡಬಾರದಾ?

ಉತ್ತರ (ರಾಯಚೂರು)

ಅಲ್ಲಿ ಸಂಗತಿನೇ ಬ್ಯಾರೆ. ಅವರಲ್ಲಿ 65 ತುಂಬಿದವರಿಗೆ ಸರ್ಕಾರದ ಮೆಡಿಕೇರ್ ಅದ. ಅದರ ಜೊತಿಗಿನ ಖಾಸಗಿ ಪ್ಲಾನ್‌ಗಳನ್ನ ಈ ಏಜೆಂಟರು ಮಾರ್ತಾರ, ಅಕ್ಟೋಬರ್ 15ರಿಂದ ಡಿಸೆಂಬರ್ 7ರ ತನಕ ಪ್ಲಾನ್ ಬದಲಿಸೋ ಹಂಗಾಮು. ಹಂಗಾಗಿ ಅಲ್ಲಿ ಮುದುಕರೇ ಗಿರಾಕಿ, ಇಲ್ಲಿ ಮಕ್ಕಳು. ಚಕ್ರ ಕಂಡ್ರಿ, ಅದರ ಹಿಂದಿನ ಕಟ್ಟುಪಾಡು ಕಾಣ್ಲಿಲ್ಲ ನಿಮಗ. ಕೊಡೋ ಕಾಣಿಕೆ 15 ಡಾಲರ್ ಮೀರಬಾರದು, ತಿಳುವಳಿಕೆಗೆ ಅಂತ ಇಟ್ಟ ಕಾರ್ಯಕ್ರಮದಾಗ ಪ್ಲಾನ್ ಮಾರಬಾರದು, ಆಮ್ಯಾಲ ಕೂತು ಯಾವ ವಿಷಯ ಮಾತಾಡ್ತೀವಿ ಅಂತ ಮೊದಲೇ ಬರೆದು ಒಪ್ಪಿಗಿ ತಗೋಬೇಕು. ನಕಲು ಮಾಡೋದಿದ್ರ ಆ ಒಪ್ಪಿಗಿ ಚೀಟಿ ನಕಲು ಮಾಡ್ರಿ.

ಪ್ರಶ್ನೆ (ಗ್ರೂಪ್ ಸದಸ್ಯ, ಏಜೆಂಟ್ ಅಲ್ಲ, ಊರು ಲಿಂಗಸುಗೂರು, ಇರೋದು ಬೆಂಗಳೂರು)

ಸರ್, ನಾನು ಗಿರಾಕಿ ಕಡಿಯಿಂದ ಕೇಳ್ತೀನಿ. ನಮ್ಮ ಅಪ್ಪ ಒಂದು ಶಿಬಿರಕ್ಕೆ ಹೋಗಿ ಬಂದ ಮೇಲೆ ದಿನಾ ಫೋನು. ಕಡಿಗೆ ಒಬ್ಬರು ಮನಿಗೇ ಬಂದು ಆರೋಗ್ಯದ ಪಾಲಿಸಿ ಅಂತ ಹೇಳಿ ಸಹಿ ಮಾಡಿಸ್ಕೊಂಡಾರ. ಹೋದ ವಾರ ಬಾಂಡ್ ಬಂತು. ನೋಡಿದ್ರೆ ವರ್ಷಾ ವರ್ಷಾ ಕಂತು ಕಟ್ಟೋ ಜೀವ ವಿಮೆ. ಅಪ್ಪಗ 68. ಈಗ ಏನು ಮಾಡೋದು?

ಉತ್ತರ (ರಾಯಚೂರು)

ಬಾಂಡ್ ಕೈಗೆ ಬಂದ ದಿನದಿಂದ 30 ದಿನ ಫ್ರೀ ಲುಕ್ (ಬ್ಯಾಡ ಅನ್ನಿಸಿದ್ರ ಪಾಲಿಸಿ ವಾಪಸ್ ಕೊಡೋ ಅವಕಾಶ) ಅದ, ನಿಮಗಿನ್ನೂ ಟೈಮ್ ಅದ. ಪಾಲಿಸಿ ಬ್ಯಾಡ ಅಂತ ಅಪ್ಪನ ಸಹಿ ಹಾಕಿದ ಪತ್ರ ಇವತ್ತೇ ಬ್ರಾಂಚ್‌ಗೆ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸ್ಕೋರಿ, ಕಂಪನಿಗೆ ಮೇಲ್ ಕೂಡ ಮಾಡ್ರಿ. ಸ್ಟಾಂಪ್ ಖರ್ಚು, ಮೆಡಿಕಲ್ ಮಾಡಿಸಿದ್ರ ಅದರ ಖರ್ಚು, ರಿಸ್ಕ್ ಇದ್ದ ದಿನಗಳ ಪ್ರೀಮಿಯಂ ಇಷ್ಟನ್ನ ಮುರ್ಕೊಂಡು ಉಳಿದಿದ್ದು ವಾಪಸ್ ಬರ್ತದ. ಕಂಪನಿಯವರು ಎಳೆದಾಡಿದ್ರ ಐಆರ್‌ಡಿಎಐನ ದೂರು ವ್ಯವಸ್ಥೆ ಬಿಮಾ ಭರೋಸಾ, ಫೋನ್ 155255. ಅಲ್ಲೂ ಆಗ್ಲಿಲ್ಲಂದ್ರ ಬೆಂಗಳೂರಿನಾಗ ವಿಮಾ ದೂರು ತೀರ್ಮಾನಿಸೋ ಅಧಿಕಾರಿ, ವಿಮಾ ಒಂಬುಡ್ಸ್‌ಮನ್. ಫೋನ್ ಕಾಟಕ್ಕ 1909ಕ್ಕ ಮಾರಾಟದ ಕರೆ ಬ್ಯಾಡ ಅಂತ ಡಿಎನ್‌ಡಿ ಹಾಕಿಸ್ರಿ.

ಗಂಗಾವತಿ ತಮ್ಮ, ಇದನ್ನ ಎರಡು ಸಲ ಓದು. ನಿನ್ನ ಟೇಬಲ್ ಮುಂದ ಬರೋರು ಇಂಥದ್ದೆಲ್ಲಾ ಅನುಭವಿಸಿ ಬಂದಿರ್ತಾರ.

ಪ್ರಶ್ನೆ (ಗಂಗಾವತಿ)

ಓದಿದೆ ಸರ್. ರಿಜಿಸ್ಟರ್, ಕುಕ್ಕರ್ ಎರಡೂ ಬಿಟ್ಟೆ. ಚೀಟಿಯಾಗ ಏನೇನು ಬರೆಸ್ಕೋಬೇಕು, ಟೇಬಲ್ ಎಲ್ಲಿ ಹಾಕಬೇಕು, ಫೋನ್ ಯಾವಾಗ ಮಾಡಬೇಕು, ಅಷ್ಟು ಹೇಳಿಬಿಡ್ರಿ.

ಉತ್ತರ (ರಾಯಚೂರು)

ಚೀಟಿ ಅಂಗೈ ಅಗಲ ಸಾಕು, ಅಕ್ಷರ ದಪ್ಪ ಇರ್ಲಿ. ಹೆಸರು, ಯಾರಿಗೆ ಫೋನ್ ಮಾಡಬೇಕು (ತಮಗೋ, ಮಗನಿಗೋ), ಯಾವ ಹೊತ್ತಿಗೆ, ಯಾವ ವಿಷಯಕ್ಕ, ಪಾಲಿಸಿ ಇದ್ರ ರಿನ್ಯೂವಲ್ ತಿಂಗಳು, ಕೆಳಗ "ಫೋನ್ ಮಾಡಲು ಒಪ್ಪಿಗೆ ಇದೆ" ಅಂತ ಸಹಿ. ಬಿಪಿ, ಶುಗರ್ ಏನೂ ಬರೆಸಬ್ಯಾಡ. ಆಧಾರ್ ಕೇಳಬ್ಯಾಡ. ಹೆಬ್ಬೆಟ್ಟು ಒತ್ತಿಸ್ಕೋಬ್ಯಾಡ. ಹೆಬ್ಬೆಟ್ಟು ಅಂದ್ರ ನಮ್ಮ ಕಡಿ ಆಸ್ತಿ ಬರೆಸ್ಕೊಂಡ್ರು ಅಂತ್ಲೇ ಅರ್ಥ. ಭಾಳ ಮಂದಿಗೆ ತಮ್ಮ ನಂಬರ್ ನೆನಪಿರೂದಿಲ್ಲ, ಮೊಬೈಲ್ ಕವರಿನ ಹಿಂದ ಮಡಚಿದ ಚೀಟಿಯಾಗ ಬರೆದಿಟ್ಟಿರ್ತಾರ. ಅವರೇ ತಗದು ತೋರಿಸ್ಲಿ, ನೀ ಫೋನ್ ಕಸ್ಕೊಂಡು ಮಿಸ್ ಕಾಲ್ ಕೊಟ್ಕೋಬ್ಯಾಡ. ತೆಲುಗು, ಉರ್ದು ಮಾತಾಡೋರು ನಿಮ್ಮ ಕ್ಯಾಂಪುಗಳಿಂದ, ಊರಿಂದ ಬರ್ತಾರ. ಒಬ್ಬ ಗೆಳೆಯನ್ನ ಜೊತಿಗಿಟ್ಕೋ.

ಕಣ್ಣಿನ ವಿಭಾಗದ ಮುಂದ ಟೇಬಲ್ ಹಾಕು ಅಂತ ಸಂಘದವರು ಹೇಳ್ಯಾರು, ಯಾಕಂದ್ರ ಅಲ್ಲಿ ಔಷಧಿ ಬಿಟ್ಕೊಂಡು ತಾಸುಗಟ್ಲೆ ಖಾಲಿ ಕೂತಿರ್ತಾರ. ಅಲ್ಲಿ ಮಾತ್ರ ಬ್ಯಾಡ. ಆ ಹನಿ ಹಾಕಿದ ಮ್ಯಾಲ ಹತ್ತಿರದ ಅಕ್ಷರ ಕಾಣೂದಿಲ್ಲ. ಓದಾಕ ಆಗದವರ ಕೈಲೆ ಸಹಿ ಹಾಕಿಸ್ಕೊಂಡ ಅಂತ ಹೆಸರು ಬಂದ್ರ ತೊಳ್ಕೊಳ್ಳಾಕ ಆಗೂದಿಲ್ಲ. ಮಾತ್ರೆ ಕೊಡೋ ಕೌಂಟರ್ ದಾಟಿ ಹೊರಗ ಹೋಗೋ ದಾರಿಯಾಗ ಹಾಕು. ಎರಡು ಕುರ್ಚಿ ಜಾಸ್ತಿ ಇಡು, ಮಗ ಗಾಡಿ ತರಾಕ ಹೋದಾಗ ಅಪ್ಪ ಕೂಡ್ತಾನ, ಮಗ ಬಂದು ಅಲ್ಲೇ ನಿಲ್ತಾನ.

ಫೋನ್ ಎರಡು ದಿನದೊಳಗ, ಚೀಟಿಯಾಗ ಬರೆದ ಹೊತ್ತಿಗೇ. "ಸಂಘದ ಶಿಬಿರದಾಗ ನಿಮ್ಮ ಪಾಲಿಸಿ ಓದಿದ್ನಲ್ರಿ, ಅವನು" ಅಂತ ಶುರು ಮಾಡು. ಬ್ಯಾಡ ಅಂದ್ರ ಚೀಟಿ ಹರಿದುಹಾಕು, ಬ್ಯಾರೆ ಏಜೆಂಟಿಗೆ ದಾಟಿಸಬ್ಯಾಡ. ರಿನ್ಯೂವಲ್ ದೂರ ಇದ್ರ ಆ ತಿಂಗಳಿಗೆ ಎರಡು ತಿಂಗಳು ಮೊದಲು ಮಾಡು, ನಡುವ ಕಾಡಬ್ಯಾಡ.

ಹಾಂ, ಫ್ಲೆಕ್ಸ್ ನೀನೇ ಪ್ರಿಂಟ್ ಹಾಕಿಸ್ಬ್ಯಾಡ. ಬ್ಯಾನರ್, ಪಾಂಪ್ಲೆಟ್ ಎಲ್ಲಾ ಜಾಹೀರಾತಿನ ಲೆಕ್ಕಕ್ಕ ಬರ್ತಾವ, ಕಂಪನಿ ಒಪ್ಪಿಗಿ ಬರವಣಿಗಿಯಾಗ ಬೇಕು. ಮ್ಯಾಟರ್ ಬರೆದು ನಾಳೆನೇ ಬ್ರಾಂಚ್‌ಗೆ ಕಳಿಸು. ಒಪ್ಪಿಗಿ ಬರಾಕ ಟೈಮ್ ಹಿಡೀತದ, ಶಿಬಿರ ಮುಂದಿನ ತಿಂಗಳೇ ಅದ.