ಸ್ಪೇನ್‌ನಲ್ಲಿ ಇಂಡಿಯನ್ ಹೋಟೆಲ್: ನಮ್ಮ ಮಾವನವರಿಗೆ ಊಟ ಸೇರುತ್ತಾ?

ಬಳ್ಳಾರಿ ಜೀನ್ಸ್:
ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ನಮ್ಮದೊಂದು ಸಣ್ಣ ಜೀನ್ಸ್ ವಾಷಿಂಗ್ ಯೂನಿಟ್ ಇದೆ. ಬಟ್ಟೆಗೆ ಲೇಸರ್‌ನಲ್ಲಿ ಫೇಡ್ ಕೊಡುವ ಮಷಿನ್ ನೋಡೋಕೆ ಮುಂದಿನ ತಿಂಗಳು ವೆಲೆನ್ಸಿಯಾಕ್ಕೆ ಹೊರಟಿದ್ದೇವೆ. ಜೊತೆಗೆ ನಮ್ಮ ಮಾವನವರು. ದುಡ್ಡು ಹಾಕೋರು ಅವರೇ, ಬಿಟ್ಟು ಹೋಗೋ ಹಾಗಿಲ್ಲ. ಪಕ್ಕಾ ಸಸ್ಯಾಹಾರಿ, ಮೊಟ್ಟೆಯನ್ನೂ ಮುಟ್ಟಲ್ಲ. ಖಾರ ಇಲ್ಲ ಅಂದ್ರೆ ತಟ್ಟೆ ಸರಿಸಿ ಎದ್ದೇ ಬಿಡ್ತಾರೆ. ಅಲ್ಲಿ ಇಂಡಿಯನ್, ಪಾಕಿಸ್ತಾನಿ ಹೋಟೆಲ್ ಜಾಸ್ತಿ ಇವೆಯಂತೆ. ಹೋದವರು ಯಾರಾದ್ರೂ ಇದ್ದೀರಾ? ಏನು ಆರ್ಡರ್ ಮಾಡೋದು?

ಮಸ್ಕಿ ಹುಡುಗಿ:
ಅಣ್ಣಾ, ನಾನಿರೋದು ಬಾರ್ಸಿಲೋನಾದಲ್ಲಿ. ಇಲ್ಲಿನ ರವಾಲ್ ಅನ್ನೋ ಏರಿಯಾದಲ್ಲಿ ಪಾಕಿಸ್ತಾನಿಗಳ ಅಂಗಡಿ, ಹೋಟೆಲ್ ಸಾಲುಸಾಲಾಗಿವೆ. ಮೊದಲ ಸಲ ಅಲ್ಲೇ ಒಂದು ಕಡೆ ಹೋಗಿದ್ದೆ. ಕೂತ ತಕ್ಷಣ ಹಪ್ಪಳ ಬಂತು. ಜೊತೆಗೆ ಮೂರು ಪುಟ್ಟ ಬಟ್ಟಲು: ಪುದೀನ, ಹುಣಸೆ, ಮಾವು. ಮೂರೂ ಸಿಹಿ! ಪುದೀನ ಚಟ್ನಿಗೂ ಸಕ್ಕರೆ ಹಾಕ್ತಾರೆ ಅಂತ ಅವತ್ತೇ ಗೊತ್ತಾಗಿದ್ದು. ಆಮೇಲೆ ಪನೀರ್ ಬಂತು. ಮೇಲೆ ಕ್ರೀಮ್ ಸುರಿದು ಸುಳಿ ಸುತ್ತಿದ್ದರು. ನೋಡೋಕೆ ಚೆಂದ, ಬಾಯಿಗೆ ಸಪ್ಪೆ.

ಸ್ಪೇನ್‌ನವರಿಗೆ ಖಾರ ಅಭ್ಯಾಸ ಇಲ್ಲ. ಅವರ ನಾಲಿಗೆ ನೋಡಿಕೊಂಡೇ ಅಡುಗೆ ಮಾಡ್ತಾರೆ. ಆದ್ರೆ ಬಡಿಸೋರು ಹೆಚ್ಚಾಗಿ ಪಂಜಾಬಿನವರು, ಪಾಕಿಸ್ತಾನದವರು, ಬಾಂಗ್ಲಾದವರು. ಹಿಂದಿ ನಡೆಯುತ್ತೆ. "ನಿಮಗೆ ಮಾಡಿಕೊಳ್ಳೋ ಹಾಗೆ ಮಾಡಿ ಭಯ್ಯಾ" ಅಂದೆ. ಎರಡನೇ ಸಲ ಬಂದ ದಾಲ್‌ನಲ್ಲಿ ಬೆಳ್ಳುಳ್ಳಿ ಕಂದು ಬಣ್ಣಕ್ಕೆ ತಿರುಗಿತ್ತು, ಹಸಿಮೆಣಸಿನಕಾಯಿ ಸೀಳಿ ಹಾಕಿದ್ದರು. ಮಾವನವರಿಗೆ ದಾಲ್ ತಡ್ಕಾ, ಆಲೂ ಗೋಬಿ, ತಂದೂರಿ ರೋಟಿ ಹೇಳಿ. ನಾನ್ ಬೇಡ, ಕೆಲವರು ಹಿಟ್ಟಿಗೆ ಮೊಟ್ಟೆ ಹಾಕ್ತಾರೆ. ಅನ್ನ, ರೋಟಿಗೆ ಸಾಮಾನ್ಯವಾಗಿ ಬೇರೆ ದುಡ್ಡು.

ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಧಾರಾಳವಾಗಿ ತನ್ನಿ. ತುಪ್ಪ, ಪೇಡಾ ಮಾತ್ರ ಬೇಡ. ಹಾಲಿನ ಪದಾರ್ಥ, ಮಾಂಸ ಹೊರಗಿನಿಂದ ಯುರೋಪಿಗೆ ತರೋ ಹಾಗಿಲ್ಲ, ಏರ್‌ಪೋರ್ಟ್‌ನಲ್ಲೇ ಕಿತ್ತುಕೊಳ್ತಾರೆ.

ಗಂಗಾವತಿ ಸೋನಾ:
ಅಷ್ಟು ದೂರ ಹೋಗಿ ಪನೀರ್ ತಿನ್ನೋದಾ? ನಾನು ಮ್ಯಾಡ್ರಿಡ್‌ನಲ್ಲಿ ಓದುವಾಗ ಲಾವಪಿಯೆಸ್ ಏರಿಯಾದ ಬಾಂಗ್ಲಾ ಹೋಟೆಲ್‌ಗಳಿಗೆ ಬೇಜಾರಾದಾಗ ಮಾತ್ರ ಹೋಗ್ತಿದ್ದೆ. ಬಾಸ್ಮತಿ ಉದುರುದುರು. ಸೋನಾ ಮಸೂರಿ ತಿಂದು ಬೆಳೆದವನಿಗೆ ಅದು ಅನ್ನ ಅನ್ನಿಸೋದೇ ಇಲ್ಲ ಬಿಡಿ.

ನನ್ನ ಕೇಳಿದ್ರೆ ಮಧ್ಯಾಹ್ನ ಹೋಗಿ. ವಾರದ ದಿನಗಳಲ್ಲಿ 'ಮೆನು ದೆಲ್ ದಿಯಾ' ಇರುತ್ತೆ: ಮೊದಲು ಸಮೋಸಾನೋ ಪಕೋಡಾನೋ, ಆಮೇಲೆ ಪಲ್ಯ-ಅನ್ನ, ಕುಡಿಯೋಕೆ ಒಂದು, ಕೊನೆಗೆ ಸಿಹಿ ಇಲ್ಲವೇ ಕಾಫಿ. ಒಂದೇ ರೇಟು. ಒಂದಾದ ಮೇಲೊಂದು ತರ್ತಾರೆ, ಎಲ್ಲ ಒಟ್ಟಿಗೆ ಬೇಕಿದ್ರೆ ಮೊದಲೇ ಹೇಳಿ.

ಹಾಂ, ವೆಲೆನ್ಸಿಯಾದ ಪಾಯೆಯಾ ನೋಡಿ ಪಲಾವ್ ಅಂದುಕೊಂಡು ಮಾವನವರ ಮುಂದೆ ಇಟ್ಟೀರಿ! ಅದರಲ್ಲಿ ಕೋಳಿ, ಮೊಲ ಎರಡೂ ಇರುತ್ತೆ. "ಮಾಂಸ ಬೇಡ" ಅಂದ್ರೂ ಕೆಲವು ಕಡೆ ಮೀನು ಹಾಕಿಬಿಡ್ತಾರೆ. "ವೆಖೆತಾರಿಯಾನೊ" ಅಂತಲೇ ಹೇಳಿ, ಮೀನು-ಮೊಟ್ಟೆ ಬೇಡ ಅಂತ ಸೇರಿಸಿ.

ಬಳ್ಳಾರಿ ಜೀನ್ಸ್:
ಮೊಲ ಅಂತ ಅವರಿಗೆ ಗೊತ್ತಾದ್ರೆ ಮಷಿನ್ನೂ ಬೇಡ, ಏನೂ ಬೇಡ ಅಂತ ವಾಪಸ್ ಹೊರಡ್ತಾರೆ. ಮಸ್ಕಿ ತಂಗಿ, ಚಟ್ನಿಪುಡಿ ನಮ್ಮನೆಯವಳು ಈಗಲೇ ಕುಟ್ಟೋಕೆ ಶುರು ಮಾಡಿದ್ದಾಳೆ. ಒಂದೇ ಅನುಮಾನ. ಮಾವನವರಿಗೆ ರಾತ್ರಿ 7:30ಕ್ಕೆ ಊಟ ಆಗಬೇಕು.

ಮಸ್ಕಿ ಹುಡುಗಿ:
ಅದೇ ಕಷ್ಟ ಅಣ್ಣಾ. ಇಲ್ಲಿ ರಾತ್ರಿ ಊಟ ಅಂದ್ರೆ 9ರ ಮೇಲೆ. ಮಧ್ಯಾಹ್ನ 4ಕ್ಕೆ ಮುಚ್ಚಿದ ಅಡುಗೆಮನೆ ಎಷ್ಟೋ ಕಡೆ 8ರವರೆಗೂ ತೆಗೆಯಲ್ಲ. ಮಧ್ಯಾಹ್ನವೇ ನಾಲ್ಕು ರೋಟಿ ಜಾಸ್ತಿ ಕಟ್ಟಿಸಿಕೊಳ್ಳಿ. ರೂಮಿನಲ್ಲಿ ಚಟ್ನಿಪುಡಿಗೆ ಆಲಿವ್ ಎಣ್ಣೆ ಕಲಸಿ ಕೊಡಿ. ಎಣ್ಣೆ ಯಾವುದು ಅಂತ ಕೇಳಿದ್ರೆ ಮಾತ್ರ ಹೇಳಿ.